ಮಾಯಾಲೋಕದ ಮಿಂಚು: ಮನೆಯ ಮಕ್ಕಳೂ ಬೆಳಕಿನ ಮೂರ್ಛೆಯೂ

ಮಯಸಭೆಯ ಕಥೆಯನ್ನು ಕೇಳದ ಮನೆ ನಮ್ಮ ನಾಡಿನಲ್ಲಿರಲಾರದು. ಇಂದ್ರಪ್ರಸ್ಥದಲ್ಲಿ ಮಯನು ರಚಿಸಿದ ಆ ಸಭೆಯೊಳಗೆ ನೆಲವು ನೀರಿನಂತೆಯೂ ನೀರು ನೆಲದಂತೆಯೂ ತೋರುತ್ತಿದ್ದವು. ದುರ್ಯೋಧನನು ನೆಲವನ್ನು ನೀರೆಂದು ಬಗೆದು ಉಡುಗೆಯನ್ನೆತ್ತಿ ನಡೆದನು. ನೀರನ್ನು ನೆಲವೆಂದು ಬಗೆದು ಅದರೊಳಗೆ ಬಿದ್ದನು. ನೋಟವು ಸುಳ್ಳಾಗಿದ್ದಿತು, ಬಿದ್ದುದು ಮಾತ್ರ ನಿಜವಾಗಿದ್ದಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದುದು ಸುಮ್ಮನೆ ಅಲ್ಲ.

ಈ ಕಾಲದಲ್ಲಿ ಮಯನ ವಿದ್ಯೆಯು ಅರಮನೆಗಳನ್ನು ಬಿಟ್ಟು ಮನೆಮನೆಗೂ ಬಂದಿದೆ. ವರ್ಚುವಲ್ ರಿಯಾಲಿಟಿ ಎಂಬ ಹೆಸರಿನ ಯಂತ್ರವನ್ನು ಕಣ್ಣಿಗೆ ಕಟ್ಟಿಕೊಂಡರೆ, ಕುಳಿತಲ್ಲಿಯೇ ಸಮುದ್ರದ ತಳವನ್ನು ಕಾಣಬಹುದು, ಚಂದ್ರನ ಮೇಲೆ ನಡೆದಂತೆ ಭಾವಿಸಬಹುದು, ಕತ್ತಿ ಹಿಡಿದು ರಾಕ್ಷಸರನ್ನು ಅಟ್ಟಬಹುದು. ಅಮೆರಿಕದ ಐವಾನ್ ಸದರ್ಲೆಂಡ್ ಎಂಬ ವಿದ್ವಾಂಸರು ೧೯೬೮ರಲ್ಲಿ ತೋರಿಸಿದ ಇಂಥದೊಂದು ಯಂತ್ರವು ಬಹಳ ಭಾರವಾಗಿದ್ದುದರಿಂದ ಅದನ್ನು ಮೇಲ್ಛಾವಣಿಯಿಂದ ತೂಗುಹಾಕಿದ್ದರು. ಈಗಲಾದರೋ ಅದು ದೊಡ್ಡ ಕನ್ನಡಕದಷ್ಟಾಗಿದೆ. ಮಕ್ಕಳು ಅದಕ್ಕಾಗಿ ಹಟ ಹಿಡಿಯುವರು. ತಂದೆತಾಯಿಗಳು ಕೊಡಿಸೋಣವೇ ಬೇಡವೇ ಎಂದು ಯೋಚಿಸುವರು. ಹಾಗೆ ಯೋಚಿಸುವಾಗ ಅವರು ಸಾಮಾನ್ಯವಾಗಿ ಕೇಳುವುದೇನೆಂದರೆ, ಅದರಲ್ಲಿ ಬರುವ ಕಥೆ ಒಳ್ಳೆಯದೇ, ಹೊಡೆದಾಟ ಬಡಿದಾಟಗಳಿವೆಯೇ, ಮಗುವು ರಾತ್ರಿ ಬೆಚ್ಚಿಬೀಳುವಂಥ ಭೂತಪಿಶಾಚಿಗಳಿವೆಯೇ ಎಂಬುದನ್ನು. ಈ ಪ್ರಶ್ನೆಗಳು ಯೋಗ್ಯವಾದವುಗಳೇ. ಆದರೆ ಅವುಗಳೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕೆಂಬುದೇ ನಮ್ಮ ಈ ಲೇಖನದ ಉದ್ದೇಶವಾಗಿದೆ. ಆ ಚಿತ್ರದ ಬೆಳಕು ಮಗುವಿನ ಕಣ್ಣಿಗೆ ಹೇಗೆ ಬಂದು ಬೀಳುತ್ತದೆ? ಮನಸ್ಸು ಕಥೆಯನ್ನು ಕೇಳುತ್ತದೆ. ಮೆದುಳಾದರೋ ಬೆಳಕಿನ ಬಡಿತವನ್ನು ಎಣಿಸುತ್ತದೆ. ಈ ಮಾತನ್ನು ಜಗತ್ತಿಗೆ ಕಲಿಸಿದ ಘಟನೆಯೊಂದು ೧೯೯೭ರಲ್ಲಿ ಜಪಾನ್ ದೇಶದಲ್ಲಿ ನಡೆಯಿತು.

ಕಥೆಯೊಳಗೆ ನಡೆದುದು

ಪೋಕೆಮಾನ್ ಎಂಬ ಚಿತ್ರಮಾಲೆಯ ಹೆಸರನ್ನು ಮಕ್ಕಳಿರುವ ಮನೆಯವರೆಲ್ಲರೂ ಕೇಳಿರಬಹುದು. ಚಿತ್ರವಿಚಿತ್ರವಾದ ಪುಟ್ಟ ಪ್ರಾಣಿಗಳನ್ನು ಹಿಡಿದು ಪಳಗಿಸುವ ಒಬ್ಬ ಹುಡುಗನ ಅಲೆದಾಟವೇ ಅದರ ವಸ್ತು. ೧೯೯೭ನೆಯ ಇಸವಿಯ ಡಿಸೆಂಬರ್ ೧೬, ಮಂಗಳವಾರ ಸಂಜೆ ಆರೂವರೆ ಗಂಟೆಗೆ ಟೆಲಿವಿಷನ್ನಿನಲ್ಲಿ ಅದರ ೩೮ನೆಯ ಕಂತು ಪ್ರಸಾರವಾಯಿತು. ಕಂತಿನ ಹೆಸರು 'ಡೆನ್ನೋ ಸೆನ್ಶಿ ಪೊರಿಗಾನ್'. ಡೆನ್ನೋ ಎಂಬುದು ಗಣಕಯಂತ್ರದ ಲೋಕವನ್ನು ಸೂಚಿಸುವ ಮಾತು. ಬಿಡಿಸಿ ನೋಡಿದರೆ ಅದಕ್ಕೆ 'ವಿದ್ಯುತ್ತಿನ ಮೆದುಳು' ಎಂದರ್ಥ. ಸೆನ್ಶಿ ಎಂದರೆ ಯೋಧ. ಈ ಹೆಸರನ್ನು ಇಟ್ಟವರಿಗೆ ಅದರ ಅರ್ಥವು ಅದೇ ಸಂಜೆ ಎಷ್ಟು ಘೋರವಾಗಿ ನಿಜವಾಗಲಿದೆ ಎಂಬುದು ತಿಳಿದಿರಲಿಲ್ಲ.

ಕಥೆ ಹೀಗಿದೆ. ಪ್ರಾಣಿಗಳನ್ನು ಒಂದೂರಿನಿಂದ ಇನ್ನೊಂದೂರಿಗೆ ಕ್ಷಣಮಾತ್ರದಲ್ಲಿ ಕಳುಹಿಸುವ ಯಂತ್ರವೊಂದು ಕೆಟ್ಟುಹೋಗುತ್ತದೆ. ಕಳ್ಳರಿಬ್ಬರು ಪೊರಿಗಾನ್ ಎಂಬ ಕೃತಕ ಪ್ರಾಣಿಯೊಂದನ್ನು ಕದ್ದು, ಅದರ ಸಹಾಯದಿಂದ ಯಂತ್ರದ ಒಳಲೋಕಕ್ಕೇ ನುಗ್ಗಿ ದಾರಿಯಲ್ಲಿ ಅಡ್ಡಕಟ್ಟಿರುತ್ತಾರೆ. ಅವರನ್ನು ಓಡಿಸುವುದಕ್ಕಾಗಿ ಅಕಿಹಬರ ಎಂಬ ಪಂಡಿತನು ಹುಡುಗ ಸತೋಶಿಯನ್ನೂ ಅವನ ಸಂಗಡಿಗರನ್ನೂ ಇನ್ನೊಂದು ಪೊರಿಗಾನ್ ಪ್ರಾಣಿಯ ಜೊತೆಗೆ ಯಂತ್ರದ ಒಳಕ್ಕೆ ಕಳುಹಿಸುತ್ತಾನೆ. ಹೊರಗಿದ್ದವರಿಗೆ ಇದಾವುದೂ ತಿಳಿಯದು. ಯಂತ್ರಕ್ಕೆ ರೋಗ ತಗುಲಿದೆಯೆಂದು ಭಾವಿಸಿ ಅವರು ಮದ್ದನ್ನು ಹಾಕುತ್ತಾರೆ. ಹೊರಗೆ ಮದ್ದಾಗಿದ್ದುದು ಒಳಗೆ ಹಾರಿಬರುವ ಅಸ್ತ್ರಗಳಾಗಿ ಮಕ್ಕಳ ಮೇಲೆಯೇ ಎರಗುತ್ತದೆ. ಆಗ ಪಿಕಾಚು ಎಂಬ ಪುಟ್ಟ ಪ್ರಾಣಿಯು ತನ್ನ ಮೈಯಿಂದ ಮಿಂಚನ್ನು ಹೊಡೆದು ಆ ಅಸ್ತ್ರಗಳನ್ನು ಸಿಡಿಸುತ್ತದೆ. ಎಲ್ಲರೂ ಪಾರಾಗಿ ಹೊರಗೆ ಬರುತ್ತಾರೆ.

ಒಂದು ಮಾಯಾಲೋಕ, ಅದರೊಳಗೊಂದು ಸಾಹಸ, ಯಂತ್ರದ ಕೆಡುಕಿನಿಂದ ಪ್ರಾಣಾಪಾಯ, ಕೊನೆಗೆ ಸುಖಾಂತ; ಮಕ್ಕಳ ಕಥೆಗೆ ಇಷ್ಟೇ ಸಾಕು. ತಪ್ಪು ಹುಡುಕಬೇಕೆಂದರೂ ಈ ಕಥೆಯಲ್ಲಿ ತಪ್ಪೇನೂ ಕಾಣುವುದಿಲ್ಲ.

ಕಥೆಯ ಹೊರಗೆ ನಡೆದುದು

ಮಿಂಚು ಸಿಡಿದ ಆ ಸಂದರ್ಭವನ್ನು ತೋರಿಸುವುದಕ್ಕಾಗಿ ಚಿತ್ರಕಾರರು ಕೆಂಪು ನೀಲಿ ಬಣ್ಣಗಳನ್ನು ಒಂದಾದ ಮೇಲೊಂದರಂತೆ ಅತಿವೇಗವಾಗಿ ಬದಲಿಸಿದ್ದರು. ಸೆಕೆಂಡಿಗೆ ಸುಮಾರು ೧೨ ಸಲ ಬಣ್ಣವು ಹೊಯ್ದಾಡುತ್ತಿದ್ದಿತು. ಹೀಗೆ ಮಿಣುಕಿಸುವ ಕೌಶಲಕ್ಕೆ ಜಪಾನೀಯರು 'ಪಕ ಪಕ' ಎನ್ನುತ್ತಾರೆ. ನಾವು 'ಪಳಪಳ', 'ಮಿಣಮಿಣ' ಎನ್ನುವಂತೆ. ಅದು ತೆರೆಯನ್ನು ತುಂಬಿಕೊಂಡಿದ್ದುದು ಕೇವಲ ಐದಾರು ಸೆಕೆಂಡು; ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು.

ಅಷ್ಟರಲ್ಲಿಯೇ ದೇಶದ ಮೂಲೆಮೂಲೆಗಳಲ್ಲಿ, ಒಬ್ಬರನ್ನೊಬ್ಬರು ಕಂಡರಿಯದ ಮನೆಗಳಲ್ಲಿ, ಮಕ್ಕಳು ಏಕಕಾಲಕ್ಕೆ ಕುಸಿದರು. ಕೆಲವರಿಗೆ ಕಣ್ಣು ಮಂಜಾಯಿತು. ಕೆಲವರಿಗೆ ತಲೆಸುತ್ತು, ತಲೆನೋವು, ವಾಂತಿ. ಕೆಲವರಿಗೆ ಕೈಕಾಲು ಸೆಳೆದು ಪ್ರಜ್ಞೆ ತಪ್ಪಿತು. ಆ ರಾತ್ರಿ ೬೮೫ ಮಕ್ಕಳನ್ನು ಆಂಬುಲೆನ್ಸ್ ಗಾಡಿಗಳಲ್ಲಿ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಅವರಲ್ಲಿ ೩೧೦ ಮಂದಿ ಹುಡುಗರು, ೩೭೫ ಮಂದಿ ಹುಡುಗಿಯರು. ಹೆಚ್ಚಿನವರು ದಾರಿಯಲ್ಲಿಯೇ ಚೇತರಿಸಿಕೊಂಡರಾದರೂ, ೧೫೦ಕ್ಕಿಂತ ಹೆಚ್ಚು ಮಕ್ಕಳನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಂಡರು. ದೈವಕೃಪೆಯಿಂದ ಯಾರೂ ಮರಣ ಹೊಂದಲಿಲ್ಲ. ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಅದುವರೆಗೆ ಒಮ್ಮೆಯಾದರೂ ಮೂರ್ಛೆ ಬಂದಿರಲಿಲ್ಲ ಎಂಬುದನ್ನು ನಮ್ಮ ವಾಚಕರು ಗಮನಿಸಬೇಕು.

ಇದಕ್ಕಿಂತಲೂ ಶೋಚನೀಯವಾದುದು ಮುಂದೆ ನಡೆಯಿತು. ಅದೇ ರಾತ್ರಿ ಸುದ್ದಿ ಹೇಳುವವರು, ಮಕ್ಕಳಿಗೆ ತೊಂದರೆ ಕೊಟ್ಟ ದೃಶ್ಯ ಯಾವುದೆಂಬುದನ್ನು ತಿಳಿಸುವ ಉತ್ಸಾಹದಲ್ಲಿ, ಅದೇ ಮಿಂಚನ್ನು ಸುದ್ದಿಯ ನಡುವೆ ಮತ್ತೆ ತೋರಿಸಿಬಿಟ್ಟರು. ಸಂಜೆ ಪಾರಾಗಿದ್ದ ಮನೆಗಳಲ್ಲಿಯೂ ಇನ್ನು ಕೆಲವರು ಮಕ್ಕಳು ಅಸ್ವಸ್ಥರಾದರು. ವಿಷದ ಸಮಾಚಾರವನ್ನು ತಿಳಿಸಹೊರಟವರು ವಿಷವನ್ನೇ ಬಡಿಸಿದಂತಾಯಿತು. ಹಾಗೆ ಮಾಡಿದವರಲ್ಲಿ ದ್ವೇಷವಿರಲಿಲ್ಲ. ಅಪಾಯವು ಕಥೆಯಲ್ಲಿಲ್ಲ, ಬೆಳಕಿನಲ್ಲಿದೆ ಎಂಬ ತಿಳಿವಳಿಕೆಯೊಂದೇ ಇರಲಿಲ್ಲ.

ನಂತರದ ದಿನಗಳಲ್ಲಿ ತಮಗೂ ಮೈ ಸರಿಯಿರಲಿಲ್ಲವೆಂದು ಹೇಳಿದ ಮಕ್ಕಳ ಎಣಿಕೆ ಸುಮಾರು ೧೨,೦೦೦ಕ್ಕೆ ಏರಿತು. ಅವರೆಲ್ಲರಿಗೂ ಬೆಳಕೇ ಕಾರಣವೇ? ೨೦೦೧ರಲ್ಲಿ ಈ ವಿಷಯವನ್ನು ಶೋಧಿಸಿದ ಇಬ್ಬರು ವಿದ್ವಾಂಸರು, ಮೊದಲ ಸಂಜೆ ನಿಜವಾದ ಮೂರ್ಛೆ ಬಂದವರು ಇದ್ದರೆಂಬುದನ್ನು ಒಪ್ಪಿ, ಆಮೇಲಿನ ಬಹುಪಾಲು ಮಕ್ಕಳಿಗೆ ಸುದ್ದಿಯೂ ಶಾಲೆಯ ಮಾತುಕತೆಯೂ ಹುಟ್ಟಿಸಿದ ಭಯವೇ ಕಾರಣವಾಗಿರಬೇಕೆಂದು ಬರೆದರು. ಭಯವೂ ಮೈಯನ್ನು ಕೆಡಿಸಬಲ್ಲುದು. ಆದುದರಿಂದ ನಾವು ಈ ಲೇಖನವನ್ನು ಬರೆಯುವುದು ಭಯವನ್ನು ಹುಟ್ಟಿಸುವುದಕ್ಕಲ್ಲ. ತಿಳಿದವನಿಗೆ ಭಯವು ತಾನಾಗಿಯೇ ಕಡಮೆಯಾಗುವುದು.

ಮೆದುಳೆಂಬ ಸಂತೆ

ಬೆಳಕು ಮೂರ್ಛೆಯನ್ನು ತರುವುದು ಹೇಗೆ? ನಮ್ಮ ಮೆದುಳಿನಲ್ಲಿ ಕೋಟ್ಯನುಕೋಟಿ ನರಕೋಶಗಳಿವೆ. ಅವು ಸೂಕ್ಷ್ಮವಾದ ವಿದ್ಯುತ್ತಿನಿಂದ ಒಂದರೊಡನೊಂದು ಸಂಭಾಷಿಸುತ್ತವೆ. ಸಂತೆಯ ದಿನ ಊರ ಮುಂದಿನ ಬಯಲನ್ನು ನೆನೆಯಿರಿ. ಒಬ್ಬನು ಬೆಲ್ಲದ ಬೆಲೆ ಕೇಳುತ್ತಾನೆ, ಒಬ್ಬಳು ಬಳೆಗಾರನೊಡನೆ ಚೌಕಾಸಿ ಮಾಡುತ್ತಾಳೆ, ಇನ್ನೊಬ್ಬನು ನೆಂಟರ ಕ್ಷೇಮ ವಿಚಾರಿಸುತ್ತಾನೆ. ದೂರದಿಂದ ಕೇಳುವವರಿಗೆ ಅದು ಗದ್ದಲ. ಆದರೆ ಸಂತೆಯ ವ್ಯವಹಾರವೆಲ್ಲ ಆ ಗದ್ದಲದೊಳಗೇ ಕ್ರಮವಾಗಿ ಸಾಗುತ್ತಿರುವುದು. ಈಗ ಆ ಸಾವಿರ ಜನರೂ ಇದ್ದಕ್ಕಿದ್ದಂತೆ ತಮ್ಮ ತಮ್ಮ ಮಾತನ್ನು ಬಿಟ್ಟು, ಒಂದೇ ತಾಳಕ್ಕೆ ಒಂದೇ ಕೂಗನ್ನು ಕೂಗತೊಡಗಿದರೆ ವ್ಯವಹಾರವೆಲ್ಲ ನಿಂತೇಹೋಗುವುದು. ಮೂರ್ಛೆಯೆಂದರೆ ಇದೇ. ನರಕೋಶಗಳು ತಮ್ಮ ತಮ್ಮ ಕೆಲಸವನ್ನು ಬಿಟ್ಟು ಒಂದೇ ಲಯಕ್ಕೆ ಬೀಳುವುದರಿಂದ ಅದು ಬರುತ್ತದೆ.

ಆ ಲಯವನ್ನು ಹೊರಗಿನಿಂದ ಕೊಡಬಲ್ಲ ವಸ್ತುಗಳಲ್ಲಿ ಮಿಣುಕುವ ಬೆಳಕು ಒಂದು. ಉಯ್ಯಾಲೆಯನ್ನು ಎಷ್ಟೇ ಮೆಲ್ಲಗೆ ತಳ್ಳಿದರೂ, ತಕ್ಕ ಹೊತ್ತಿಗೆ ತಳ್ಳುತ್ತಿದ್ದರೆ ಅದು ಮೇಲುಮೇಲಕ್ಕೆ ಏರುವುದಷ್ಟೆ? ಬೆಳಕಿನ ಪ್ರತಿಯೊಂದು ಮಿಣುಕೂ ಕಣ್ಣಿನ ಮೂಲಕ ಮೆದುಳಿನ ಹಿಂಭಾಗವನ್ನು ಹಾಗೆಯೇ ತಳ್ಳುತ್ತದೆ. ಬಹುಮಂದಿಯ ಮೆದುಳು ಆ ತಳ್ಳುವಿಕೆಯನ್ನು ತಡೆದುಕೊಳ್ಳಬಲ್ಲುದು. ಕೆಲವರ ಮೆದುಳು ಹುಟ್ಟಿನಿಂದಲೇ ಅದಕ್ಕೆ ಒಲಿಯುವಂಥದು. ಸೆಕೆಂಡಿಗೆ ೧೫ರಿಂದ ೨೫ ಸಲ ಮಿಣುಕುವ ಬೆಳಕು ಅಂಥವರಿಗೆ ಹೆಚ್ಚು ಅಪಾಯಕರವಾದರೂ, ಅದಕ್ಕಿಂತ ನಿಧಾನವಾದುದೂ ವೇಗವಾದುದೂ ಕೆಲವರಿಗೆ ತೊಂದರೆ ಕೊಡುವುದುಂಟು. ಇಂಥವರು ಜನಸಾಮಾನ್ಯರಲ್ಲಿ ಸುಮಾರು ೪,೦೦೦ ಮಂದಿಗೆ ಒಬ್ಬರೆಂದು ಲೆಕ್ಕ. ಆದರೆ ೭ ವರ್ಷದಿಂದ ೧೯ ವರ್ಷದೊಳಗಿನವರಲ್ಲಿ ಈ ತೊಂದರೆ ಮೊದಲ ಸಲ ಕಾಣಿಸಿಕೊಳ್ಳುವುದು ಉಳಿದವರಿಗಿಂತ ಐದು ಪಟ್ಟು ಹೆಚ್ಚು. ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಆಟದ ಯಂತ್ರಗಳೂ ಚಿತ್ರಕಥೆಗಳೂ ಯಾರನ್ನು ಹೆಚ್ಚಾಗಿ ಸೆಳೆಯುವುವೋ ಅವರೇ ಈ ಬೆಳಕಿಗೂ ಹೆಚ್ಚು ಸುಲಭವಾಗಿ ತುತ್ತಾಗುವವರು ಎಂಬುದು ಇಲ್ಲಿಯ ಕಷ್ಟ.

ಕೆಂಪಿಗೂ ಇದರಲ್ಲಿ ಪಾಲುಂಟು. ಬೆಳಕು ಕತ್ತಲೆಗಳು ಬದಲಾಗುವುದೇ ಅಪಾಯವೆಂದು ಮೊದಲು ಪಂಡಿತರು ಎಣಿಸಿದ್ದರು. ಬಣ್ಣ ಬದಲಾದರೂ ಸಾಕು, ಅದರಲ್ಲಿಯೂ ಗಾಢವಾದ ಕೆಂಪು ಹೆಚ್ಚು ಕೆಣಕುವುದು ಎಂಬುದನ್ನು ಜಪಾನಿನ ಘಟನೆಯು ಮನದಟ್ಟು ಮಾಡಿಕೊಟ್ಟಿತು.

ತಿಳಿದವರಿದ್ದರು, ತಿಳಿಸಿದವರಿರಲಿಲ್ಲ

ಈ ವಿಷಯವು ೧೯೯೭ರಲ್ಲಿ ಹೊಸದಾಗಿತ್ತೇ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕು. ಮೆದುಳಿನ ವಿದ್ಯುತ್ತನ್ನು ತಲೆಯ ಹೊರಗಿನಿಂದಲೇ ಬರೆದು ತೆಗೆಯುವ ಕ್ರಮವನ್ನು ಜರ್ಮನಿಯ ಹಾನ್ಸ್ ಬೆರ್ಗರ್ ಎಂಬ ವೈದ್ಯರು ೧೯೨೯ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಗ್ರೇ ವಾಲ್ಟರ್ ಎಂಬವರೂ ಅವರ ಸಂಗಡಿಗರೂ ೧೯೪೬ರಲ್ಲಿಯೇ ಮಿಣುಕುವ ದೀಪವನ್ನು ಕಣ್ಣ ಮುಂದಿರಿಸಿ ಮೆದುಳಿನ ಲಯವು ಹೇಗೆ ಬದಲಾಗುವುದೆಂಬುದನ್ನು ಪರೀಕ್ಷಿಸಿದ್ದರು. ಇಂದಿಗೂ ಮೂರ್ಛೆಯವರನ್ನು ಪರೀಕ್ಷಿಸುವಾಗ ಆಸ್ಪತ್ರೆಗಳಲ್ಲಿ ಆ ದೀಪದ ಪರೀಕ್ಷೆಯನ್ನು ಮಾಡುತ್ತಾರೆ. ೧೯೯೩ರಲ್ಲಿ ಇಂಗ್ಲೆಂಡಿನ ಟೆಲಿವಿಷನ್ನಿನಲ್ಲಿ ಬಂದ ಒಂದು ಶಾವಿಗೆಯ ಜಾಹೀರಾತನ್ನು ನೋಡಿ ಕೆಲವರಿಗೆ ಮೂರ್ಛೆ ಬಂದಿತು; ಅದರ ಫಲವಾಗಿ ಆ ದೇಶದಲ್ಲಿ ಮಿಣುಕುವ ಚಿತ್ರಗಳಿಗೆ ನಿಯಮಗಳಾದವು. ಜಪಾನಿನಲ್ಲಿಯೇ ೧೯೯೭ರ ಮಾರ್ಚ್ ತಿಂಗಳಿನಲ್ಲಿ ಇನ್ನೊಂದು ಚಿತ್ರಕಥೆಯಿಂದ ಕೆಲವರು ಮಕ್ಕಳು ಅಸ್ವಸ್ಥರಾಗಿದ್ದರು. ಅರಿವು ಪಂಡಿತರ ಪುಸ್ತಕಗಳಲ್ಲಿದ್ದಿತು. ನಿಯಮವು ಒಂದು ದೇಶದ ಕಚೇರಿಯಲ್ಲಿದ್ದಿತು. ಚಿತ್ರ ಬರೆಯುವವನ ಮೇಜಿಗೂ ಮಗುವಿನ ತಾಯಿಯ ಕಿವಿಗೂ ಅದು ಬಂದು ಮುಟ್ಟಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬುದು ಇದಕ್ಕೇ ಅಲ್ಲವೇ?

ಘಟನೆಯ ಬಳಿಕ ಜಪಾನಿನಲ್ಲಿ ಆ ಚಿತ್ರಮಾಲೆಯನ್ನು ನಾಲ್ಕು ತಿಂಗಳ ಕಾಲ ನಿಲ್ಲಿಸಿದರು. ವೈದ್ಯರನ್ನೂ ತಂತ್ರಜ್ಞರನ್ನೂ ಕೂಡಿಸಿ ವಿಚಾರಣೆ ನಡೆಸಿದರು. ೧೯೯೮ರ ಏಪ್ರಿಲ್ ತಿಂಗಳಿನಲ್ಲಿ ಪ್ರಸಾರಕರು ಹೊಸ ನಿಯಮಗಳನ್ನು ಸ್ವೀಕರಿಸಿದರು. ಸ್ಥೂಲವಾಗಿ ಹೇಳುವುದಾದರೆ, ತೆರೆಯ ಕಾಲು ಭಾಗಕ್ಕಿಂತ ಹೆಚ್ಚಿನ ಜಾಗವು ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚಾಗಿ ಮಿಣುಕಬಾರದು. ಗಾಢ ಕೆಂಪಿನ ವಿಷಯದಲ್ಲಿ ಇನ್ನೂ ಎಚ್ಚರಿಕೆಯಿರಬೇಕು. ಇಂಥ ನಿಯಮಗಳು ೨೦೦೫ರಲ್ಲಿ ಅಂತರರಾಷ್ಟ್ರೀಯ ಶಿಫಾರಸಿನ ರೂಪವನ್ನೂ ಪಡೆದವು. ಚಿತ್ರವನ್ನು ಪ್ರಸಾರಕ್ಕೆ ಮೊದಲೇ ಪರೀಕ್ಷಿಸುವ ಯಂತ್ರಗಳೂ ಬಂದವು. ಆದರೂ ೨೦೦೭ರಲ್ಲಿ ಲಂಡನ್ ಒಲಿಂಪಿಕ್ ಕ್ರೀಡೆಗಳ ಲಾಂಛನವನ್ನು ಪರಿಚಯಿಸಲು ಮಾಡಿದ ಒಂದು ಚಲಿಸುವ ಚಿತ್ರದಿಂದ ಕೆಲವರಿಗೆ ಮೂರ್ಛೆ ಬಂದು, ಅದರ ಭಾಗವೊಂದನ್ನು ತೆಗೆದುಹಾಕಬೇಕಾಯಿತು. ನಿಯಮಗಳನ್ನು ಮೊದಲು ಮಾಡಿದ ದೇಶದಲ್ಲಿಯೇ ಹೀಗಾಯಿತು! ಈಗಲಾದರೋ ಯಾರು ಬೇಕಾದರೂ ತಮ್ಮ ಕೈಯಲ್ಲಿರುವ ಫೋನಿನಿಂದಲೇ ಚಿತ್ರವನ್ನು ಮಾಡಿ ಲೋಕಕ್ಕೆಲ್ಲ ಹಂಚಬಹುದು. ಅವೆಲ್ಲವನ್ನೂ ಪರೀಕ್ಷಿಸಿ ಬಿಡುವವರಿಲ್ಲ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಬಿಡಲಾರೆವು. ಕಥೆಯಲ್ಲಿ ಮಿಂಚನ್ನು ಹೊಡೆದುದು ಪಿಕಾಚು. ಪೊರಿಗಾನ್ ಪಾಪ, ಮಕ್ಕಳಿಗೆ ಸಹಾಯ ಮಾಡಿದ ಪ್ರಾಣಿ. ಆದರೆ ಕಂತಿಗೆ ಅದರ ಹೆಸರಿದ್ದುದರಿಂದ ಅಪಕೀರ್ತಿಯೂ ಅದಕ್ಕೇ ಅಂಟಿತು; ಪಿಕಾಚುವಿನ ಕೀರ್ತಿ ಲೋಕವನ್ನೆಲ್ಲ ತುಂಬಿತು, ಪೊರಿಗಾನ್ ತೆರೆಮರೆಗೆ ಸರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮೂರ್ಛೆಯ ವಿಷಯದಲ್ಲಿ ನಾವು ಮನುಷ್ಯರೊಡನೆ ನಡೆದುಕೊಳ್ಳುವುದೂ ಇದರಂತೆಯೇ ಇದೆ. ಅದನ್ನು ಮುಂದೆ ಹೇಳುವೆವು.

ನಮ್ಮ ಬಚ್ಚಲಮನೆಯ ದೃಷ್ಟಾಂತ

ಐದಾರು ಸೆಕೆಂಡಿನ ಬೆಳಕಿನಿಂದ ಮೂರ್ಛೆ ಬರುವುದುಂಟೇ ಎಂದು ಸಂಶಯಪಡುವ ವಾಚಕರು ದೂರದ ಜಪಾನಿಗೆ ಹೋಗಬೇಕಾದುದಿಲ್ಲ. ನಮ್ಮ ಕರ್ನಾಟಕದ ಬಚ್ಚಲಮನೆಯಲ್ಲಿಯೇ ಅದರ ಅಣ್ಣತಮ್ಮಂದಿರಂಥ ರೋಗವೊಂದಿದೆ. ಹಂಡೆಯ ತುಂಬ ಬಿಸಿನೀರು ಕಾಯಿಸಿ, ತಲೆಗೆ ಎಣ್ಣೆಯೊತ್ತಿ, ಚೊಂಬಿನಿಂದ ಒಂದೇಸಮನೆ ಎರೆಯುವುದು ನಮ್ಮ ಮನೆಗಳ ಪದ್ಧತಿ. ಹೀಗೆ ತಲೆಗೆ ಬಿಸಿನೀರು ಬೀಳುತ್ತಿರುವಾಗಲೇ ಕೆಲವರು, ಮುಖ್ಯವಾಗಿ ಗಂಡುಮಕ್ಕಳು, ಕಣ್ಣು ನೆಟ್ಟಂತೆ ನೋಡುತ್ತ, ಅಸಂಬದ್ಧವಾಗಿ ಮಾತನಾಡುತ್ತ, ಪ್ರಜ್ಞೆ ತಪ್ಪುವುದುಂಟು. ಬಿಸಿನೀರಿನ ಮೂರ್ಛೆಯೆಂದು ಇದಕ್ಕೆ ಹೆಸರು. ಲೋಕದ ಬೇರೆ ಭಾಗಗಳಲ್ಲಿ ಅಪರೂಪವಾದ ಈ ರೋಗವು ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ನಮ್ಮ ನಾಡಿನಲ್ಲಿ, ಹೆಚ್ಚಾಗಿ ಕಂಡುಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಡಾ. ಪಿ. ಸತೀಶ್ಚಂದ್ರ ಮೊದಲಾದವರು ಇಂಥ ೨೭೯ ಮಂದಿಯನ್ನು ಪರೀಕ್ಷಿಸಿ ೧೯೮೮ರಲ್ಲಿ ವರದಿಯನ್ನು ಪ್ರಕಟಿಸಿದರು.

ಒಂದೆಡೆ ಬಿಸಿನೀರು, ಒಂದೆಡೆ ಬೆಳಕು. ದ್ವಾರಗಳು ಬೇರೆ, ಮನೆ ಒಂದೇ. ಹೊರಗಿನ ಒಂದು ಗೊತ್ತಾದ ಪ್ರಚೋದನೆಯು ಅದಕ್ಕೆ ಒಲಿಯುವ ಮೆದುಳನ್ನು ಕೆಣಕುತ್ತದೆ. ಈ ಜಾತಿಯ ಮೂರ್ಛೆಯಲ್ಲಿ ಒಂದು ಸಮಾಧಾನವೂ ಉಂಟು. ಕೆಣಕುವುದು ಯಾವುದೆಂದು ತಿಳಿದರೆ ಅದನ್ನು ತಡೆಯಬಹುದು. ನೀರಿನ ಬಿಸಿಯನ್ನು ಕಡಮೆ ಮಾಡಿದರೆ, ತಲೆಗೆ ಸುರಿಯದೆ ಒದ್ದೆ ಬಟ್ಟೆಯಿಂದ ಒರೆಸಿದರೆ, ಎಷ್ಟೋ ಮಂದಿಗೆ ಮೂರ್ಛೆ ಬರುವುದು ತಪ್ಪುತ್ತದೆ; ಬೇಕಾದವರಿಗೆ ವೈದ್ಯರು ಔಷಧವನ್ನೂ ಕೊಡುತ್ತಾರೆ. ಅದನ್ನು ಬಿಟ್ಟು, ಬಚ್ಚಲಿನಲ್ಲಿ ಗಾಳಿ ಸೋಕಿತೆಂದು ತಾಯಿತ ಕಟ್ಟಿಸಿ, ಮುಂದಿನ ಶನಿವಾರ ಮತ್ತೆ ಅದೇ ಕುದಿಯುವ ನೀರನ್ನು ತಲೆಗೆ ಎರೆದರೆ ತಾಯಿತವೇನು ಮಾಡೀತು?

ಮನೆಯವರು ಮಾಡಬೇಕಾದುದು

ಬೆಳಕಿನ ವಿಷಯದಲ್ಲಿಯೂ ಮನೆಯಲ್ಲಿ ಪಾಲಿಸಬಹುದಾದ ಸುಲಭವಾದ ಕೆಲವು ನಿಯಮಗಳಿವೆ. ಟೆಲಿವಿಷನ್ನನ್ನಾಗಲಿ ಆಟದ ಯಂತ್ರವನ್ನಾಗಲಿ ಕತ್ತಲೆಯ ಕೋಣೆಯಲ್ಲಿ ನೋಡಬಾರದು. ಕೋಣೆಯಲ್ಲಿ ದೀಪವಿದ್ದರೆ ತೆರೆಯ ಮಿಣುಕು ಕಣ್ಣಿಗೆ ಅಷ್ಟು ಪ್ರಖರವಾಗಿ ಬಡಿಯುವುದಿಲ್ಲ. ತೆರೆಗೆ ಮೂಗು ತಾಗುವಂತೆ ಮಗುವು ಕುಳಿತರೆ ಹಿಂದಕ್ಕೆ ಸರಿಸಬೇಕು. ಹತ್ತಿರ ಕುಳಿತಷ್ಟೂ ಬೆಳಕು ನೋಟವನ್ನೆಲ್ಲ ತುಂಬಿಕೊಳ್ಳುವುದು. ಘಟನೆಯ ನಂತರ ಜಪಾನಿನ ಮಕ್ಕಳ ಚಿತ್ರಗಳ ಮೊದಲಲ್ಲಿ, ಕೋಣೆಯನ್ನು ಬೆಳಗಿಸಿ ದೂರ ಕುಳಿತು ನೋಡಿರಿ ಎಂಬ ಮಾತನ್ನು ತೋರಿಸುವುದು ರೂಢಿಯಾಯಿತು. ನಿದ್ದೆಗೆಟ್ಟ ಮಗುವಿನ ಮೆದುಳು ಬೇಗ ಕೆರಳುವುದರಿಂದ, ರಾತ್ರಿಯೆಲ್ಲ ಜಾಗರಣೆ ಮಾಡಿ ಆಡುವುದನ್ನು ತಡೆಯಬೇಕು. ಎಡೆಬಿಡದೆ ಆಡಿಸದೆ ನಡುನಡುವೆ ಎಬ್ಬಿಸಬೇಕು.

ಮಿಣುಕುವ ಬೆಳಕು ತಟ್ಟನೆ ಎದುರಾದರೆ ಏನು ಮಾಡಬೇಕು? ಕಣ್ಣು ಮುಚ್ಚಿಕೊಂಡರೆ ಸಾಕೆಂದು ತೋರುವುದು. ಆದರೆ ಬೆಳಕು ರೆಪ್ಪೆಯನ್ನು ತೂರಿ ಬರುವುದರಿಂದ ಅದು ಸಾಲದು. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಮುಖವನ್ನು ಬೇರೆ ಕಡೆಗೆ ತಿರುಗಿಸಬೇಕು. ಒಂದೇ ಕಣ್ಣಿನಿಂದ ಬರುವ ಪ್ರಚೋದನೆಯು ಮೆದುಳನ್ನು ಅಷ್ಟಾಗಿ ಕೆರಳಿಸದು. ಈ ಸಣ್ಣ ಉಪಾಯವನ್ನು ಮಕ್ಕಳಿಗೆ ಆಟದಂತೆ ಕಲಿಸಬಹುದು. ಸಾಲುಮರಗಳ ನಡುವೆ ಬಸ್ಸು ಓಡುವಾಗ ಸಂಜೆಯ ಬಿಸಿಲು ಕಣ್ಣಿಗೆ ಪಟಪಟನೆ ಬಡಿಯುವುದಷ್ಟೆ? ಉತ್ಸವಗಳಲ್ಲಿಯೂ ಆರ್ಕೆಸ್ಟ್ರಾ ರಂಗದಲ್ಲಿಯೂ ಮಿಂಚುವ ದೀಪಗಳಿರುವುವು. ಅಲ್ಲಿಯೂ ಇದೇ ಉಪಾಯವು ಉಪಯೋಗಕ್ಕೆ ಬರುವುದು.

ಕಣ್ಣಿಗೆ ಕಟ್ಟಿಕೊಳ್ಳುವ ಯಂತ್ರದ ವಿಶೇಷವಾದ ಕಷ್ಟವು ಈಗ ವಾಚಕರಿಗೆ ಹೊಳೆದಿರಬಹುದು. ಅದನ್ನು ಧರಿಸಿದ ಮಗುವಿಗೆ ದೂರ ಸರಿದು ಕುಳಿತುಕೋ ಎಂದು ಹೇಳುವಂತಿಲ್ಲ. ಯಂತ್ರವು ಮುಖದೊಡನೆಯೇ ಇರುವುದು. ಕೋಣೆಯ ದೀಪವು ಅದರೊಳಕ್ಕೆ ಬಾರದು. ಮುಖ ತಿರುಗಿಸಿದರೆ ಮಾಯಾಲೋಕವೂ ಸುತ್ತಲೂ ತಿರುಗಿ ಬರುವುದು. ಒಂದು ಕಣ್ಣಿಗೆ ಅಂಗೈ ಹಿಡಿಯಲು ಎಡೆಯೇ ಇಲ್ಲ. ಹೊರಗಿನವರಿಗೆ ಒಳಗೆ ಏನು ಕಾಣುತ್ತಿದೆಯೆಂಬುದೂ ತಿಳಿಯದು. ಕಥೆಯಲ್ಲಿ ಯಂತ್ರದ ಹೊರಗಿದ್ದವರಿಗೆ ಒಳಗೆ ಮಕ್ಕಳಿರುವುದು ತಿಳಿಯದಿದ್ದಂತೆ. ತೆಗೆದಿಡುವುದೊಂದೇ ಉಪಾಯ. ಆದುದರಿಂದ ತಯಾರಕರು ಯಂತ್ರದ ಜೊತೆಗೆ ಕೊಡುವ ಎಚ್ಚರಿಕೆಯ ಕಾಗದವನ್ನು ಹಿರಿಯರು ಓದಬೇಕು. ಅದರಲ್ಲಿ ಹೇಳಿರುವ ವಯಸ್ಸಿಗಿಂತ ಚಿಕ್ಕವರ ಕೈಗೆ ಅದನ್ನು ಕೊಡಬಾರದು. ಮನೆಯಲ್ಲಿ ಯಾರಿಗಾದರೂ ಮೂರ್ಛೆಯಿದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಮಗುವು ಕುಳಿತು ಆಡಲಿ. ಬಳಿಯಲ್ಲಿ ಒಬ್ಬರು ಇರಲಿ. ಕಣ್ಣು ಕತ್ತಲೆಯಾಗುತ್ತಿದೆ, ಕೈ ತಾನಾಗಿ ಅದುರುತ್ತಿದೆ, ತಲೆ ಸುತ್ತುತ್ತಿದೆ ಎಂದು ಮಗುವು ಹೇಳಿದರೆ, ಹಟವೆಂದು ಗದರಿಸದೆ ಕೂಡಲೇ ಯಂತ್ರವನ್ನು ತೆಗೆಯಬೇಕು.

ಇಷ್ಟರ ಮೇಲೂ ಮೂರ್ಛೆ ಬಂದರೆ, ಕಾರಣವು ಬೆಳಕಾಗಲಿ ಬೇರೆಯಾಗಲಿ, ಮಾಡಬೇಕಾದುದು ಒಂದೇ. ಗಡಿಯಾರವನ್ನು ನೋಡಿಕೊಳ್ಳಿರಿ. ಸುತ್ತಲಿನ ಗಟ್ಟಿಯಾದ, ಹರಿತವಾದ ವಸ್ತುಗಳನ್ನು ಸರಿಸಿರಿ. ತಲೆಯ ಕೆಳಗೆ ಮೆತ್ತನೆಯ ಬಟ್ಟೆಯನ್ನಿಡಿರಿ. ಕೊರಳಿನ ಗುಂಡಿಯನ್ನು ಸಡಿಲಿಸಿ, ಮಗುವನ್ನು ಮಗ್ಗುಲಿಗೆ ಹೊರಳಿಸಿರಿ. ಜೊಲ್ಲಾಗಲಿ ವಾಂತಿಯಾಗಲಿ ಉಸಿರಿಗೆ ಅಡ್ಡಿಯಾಗದು. ಕೈಕಾಲುಗಳನ್ನು ಅದುಮಿ ಹಿಡಿಯಬೇಡಿರಿ. ಬಾಯೊಳಗೆ ಚಮಚವನ್ನಾಗಲಿ, ಬಟ್ಟೆಯನ್ನಾಗಲಿ, ನೀರನ್ನಾಗಲಿ ಹಾಕಬೇಡಿರಿ. ಕೈಗೆ ಕಬ್ಬಿಣದ ಬೀಗದ ಕೈಯನ್ನು ಕೊಡುವುದು, ಮೂಗಿಗೆ ಈರುಳ್ಳಿಯನ್ನೋ ಚಪ್ಪಲಿಯನ್ನೋ ಹಿಡಿಯುವುದು, ಇವುಗಳಿಂದ ಮೂರ್ಛೆ ನಿಲ್ಲುವುದಿಲ್ಲ. ಬಹುತೇಕ ಮೂರ್ಛೆಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುವುದರಿಂದ, ಆ ಹೊತ್ತಿಗೆ ಕೈಯಲ್ಲಿದ್ದ ಬೀಗದ ಕೈಗೆ ಕೀರ್ತಿ ಬಂದಿದೆ, ಅಷ್ಟೆ. ಸೆಳೆತವು ೫ ನಿಮಿಷಗಳನ್ನು ಮೀರಿದರೆ, ಎಚ್ಚರವಾಗುವ ಮೊದಲೇ ಮತ್ತೊಮ್ಮೆ ಬಂದರೆ, ಪೆಟ್ಟಾಗಿದ್ದರೆ, ಅಥವಾ ಜೀವನದಲ್ಲಿ ಅದೇ ಮೊದಲನೆಯದಾದರೆ ತಡಮಾಡದೆ ೧೦೮ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು. ಮೂರ್ಛೆ ಬರುವ ಮೊದಲು ಮಗುವು ಏನು ನೋಡುತ್ತಿತ್ತು, ಏನು ಮಾಡುತ್ತಿತ್ತು, ಹೇಗೆ ಆರಂಭವಾಯಿತು ಎಂಬುದನ್ನು ನೆನಪಿಟ್ಟು ವೈದ್ಯರಿಗೆ ಹೇಳಬೇಕು. ಮನೆಯವರ ಕಣ್ಣು ಕಂಡುದು ವೈದ್ಯರಿಗೆ ಬಹಳ ಸಹಾಯಕವಾಗುವುದು.

ಕೊನೆಯ ಮಾತು

ಒಮ್ಮೆ ಮೂರ್ಛೆ ಬಂದ ಮಾತ್ರಕ್ಕೆ ಮಗುವನ್ನು ರೋಗಿಯೆಂದು ಕರೆಯುವಂತಿಲ್ಲ. ಜಪಾನಿನ ಆ ಮಕ್ಕಳಲ್ಲಿ ಹೆಚ್ಚಿನವರು ಮರುದಿನದಿಂದ ಎಂದಿನಂತೆಯೇ ಇದ್ದರು. ನಿಜವಾಗಿಯೂ ಅಪಸ್ಮಾರವೆಂದು ತೀರ್ಮಾನವಾದರೂ, ಸರಿಯಾದ ಔಷಧವನ್ನು ಕ್ರಮವಾಗಿ ತೆಗೆದುಕೊಂಡರೆ ನೂರರಲ್ಲಿ ೭೦ ಮಂದಿಯವರೆಗೆ ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಮ್ಮ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಮೊದಲಾದವರು ನಡೆಸಿ ೧೯೯೮ರಲ್ಲಿ ಪ್ರಕಟಿಸಿದ ಕಾರ್ಯವು, ಅಗ್ಗದ ಸಾಮಾನ್ಯ ಔಷಧಗಳಿಂದಲೇ ಹಳ್ಳಿಯ ಜನರಿಗೆ ಈ ರೋಗದಲ್ಲಿ ನೆರವಾಗಬಹುದೆಂಬುದನ್ನು ತೋರಿಸಿಕೊಟ್ಟಿತು.

ಔಷಧಕ್ಕೆ ಬಗ್ಗದಿರುವುದು ಅಪವಾದವೊಂದೇ. ಮೂರ್ಛೆ ಬಂದ ಹುಡುಗಿಯ ವಿಷಯವನ್ನು ಮನೆಯವರು ಬಚ್ಚಿಡುವರು. ಬಚ್ಚಿಟ್ಟುದರಿಂದ ಔಷಧ ತಪ್ಪುವುದು. ಔಷಧ ತಪ್ಪಿದುದರಿಂದ ಮೂರ್ಛೆ ಮರಳುವುದು. ಪೂರ್ವಜನ್ಮದ ಪಾಪವೆಂದೋ, ದೆವ್ವದ ಕಾಟವೆಂದೋ, ತಾಯಿಯ ಅಜಾಗ್ರತೆಯೆಂದೋ ಯಾರ ಮೇಲಾದರೂ ತಪ್ಪನ್ನು ಹೊರಿಸದೆ ನೆರೆಹೊರೆಗೆ ನಿದ್ದೆ ಬಾರದು. ನಮ್ಮ ದೇಶದ ಹಿಂದೂ ವಿವಾಹ ಕಾಯಿದೆಯಲ್ಲಿಯೇ, ೧೯೭೬ರ ತಿದ್ದುಪಡಿಯ ನಂತರ, ಅಪಸ್ಮಾರವು ವಿವಾಹಕ್ಕೆ ಅಡ್ಡಿಯಾಗುವ ಕಾರಣಗಳ ಸಾಲಿನಲ್ಲಿ ಸೇರಿದ್ದಿತು. ೧೯೯೯ರಲ್ಲಿ ಸಂಸತ್ತು ಆ ಮಾತನ್ನು ತೆಗೆದುಹಾಕಿತು. ಕಾಯಿದೆಯ ಪುಸ್ತಕದಿಂದ ಅಳಿದುಹೋದ ಆ ಮಾತು ಜನರ ಮನಸ್ಸಿನಿಂದ ಇನ್ನೂ ಪೂರ್ತಿಯಾಗಿ ಅಳಿದಿಲ್ಲ.

ಮಯಸಭೆಯಲ್ಲಿ ಒಬ್ಬನು ಬಿದ್ದಾಗ ನೋಡಿದವರು ನಕ್ಕರು. ಆ ನಗೆಯೇ ದೊಡ್ಡ ಅನರ್ಥಕ್ಕೆ ಬೀಜವಾಯಿತು. ಹೊಸ ಮಯಸಭೆಗಳು ಬರುವುದನ್ನು ನಾವು ತಡೆಯಲಾರೆವು, ತಡೆಯಬೇಕಾದುದೂ ಇಲ್ಲ. ಅವುಗಳಲ್ಲಿ ಮಕ್ಕಳು ಕಲಿಯುವುದೂ ನಲಿಯುವುದೂ ಬಹಳವಿದೆ. ಆದರೆ ಅವುಗಳೊಳಗೆ ಮಗುವನ್ನು ಬಿಡುವ ಮೊದಲು ಬೆಳಕನ್ನು ಪ್ರಮಾಣಿಸಿ ನೋಡುವುದು, ಬಿದ್ದ ಮಗುವನ್ನು ಅಪವಾದಕ್ಕೆ ಗುರಿಮಾಡದೆ ಮಗ್ಗುಲಿಗೆ ಹೊರಳಿಸಿ ಬಳಿಯಲ್ಲಿ ಕುಳಿತಿರುವುದು, ಇವೆರಡೂ ನಮ್ಮ ಕೈಯಲ್ಲಿಯೇ ಇವೆ. ಇದನ್ನು ಓದಿದ ಪ್ರತಿಯೊಬ್ಬ ತಾಯಿಯೂ ತಂದೆಯೂ ಪಕ್ಕದ ಮನೆಯವರಿಗೆ ಒಂದು ಮಾತು ತಿಳಿಸಿದರೆ ನಮ್ಮ ಶ್ರಮವು ಸಾರ್ಥಕವಾಗುವುದು.